ಒಡೆಯದೆ ಇಟ್ಟ ಲಕೋಟೆ

"ನಮ್ಮನೆ ಕಷ್ಟಾನ ನಾನು ಮಾರಾಟಕ್ಕೆ ಇಟ್ಟಿಲ್ಲ."

ಅಷ್ಟು ಹೇಳಿ ಆ ಹುಡುಗ ಕೂತುಬಿಟ್ಟ.

ದುಂಡಗೆ ಹಾಕಿದ್ದ ಮೂವತ್ತು ಕುರ್ಚಿಗಳಲ್ಲಿ ಕೂತವರೆಲ್ಲ ಒಮ್ಮೆ ಅವನನ್ನು ನೋಡಿದರು. ಆಮೇಲೆ ಅವನ ಪಕ್ಕದಲ್ಲಿದ್ದ ಯೆಸೆನಿಯಾಳನ್ನು ನೋಡಿದರು. ನೋಡದೆ ಇರುತ್ತಾರೆಯೇ? ಈಗ ತಾನೇ ಎದ್ದು ನಿಂತು, ತನ್ನ ಮನೆಯ ಕಷ್ಟವನ್ನು ಎರಡೇ ನಿಮಿಷದಲ್ಲಿ ಚೊಕ್ಕವಾಗಿ ಹೇಳಿ, ಚಪ್ಪಾಳೆ ಗಿಟ್ಟಿಸಿಕೊಂಡವಳು ಅವಳೇ ತಾನೆ?

ಯೆಸೆನಿಯಾಳ ಕಿವಿ ಕೆಂಪಾಯಿತು. ಕೆನ್ನೆ ಸುಟ್ಟಿತು.

*ನನಗೇ ಹೇಳಿದ್ದು... ಬೇಕಂತಲೇ ನನಗೇ ಹೇಳಿದ್ದು!*

ಅದು ಮಿಷಿಗನ್‌ನ ಒಂದು ವಿಶ್ವವಿದ್ಯಾಲಯ. ಕಾಲೇಜಿನ ಮೂರನೆಯ ವರ್ಷ ಮುಗಿಸಿದ ಬಡಮನೆಯ ಮಕ್ಕಳನ್ನು ದೇಶದ ಮೂಲೆಮೂಲೆಯಿಂದ ಆರಿಸಿ ತಂದು, ಏಳು ವಾರ ಅರ್ಥಶಾಸ್ತ್ರ, ಅಂಕಿಅಂಶ, ಟಿಪ್ಪಣಿ ಬರೆಯುವ ವಿದ್ಯೆ ಎಲ್ಲ ತಲೆಗೆ ತುಂಬಿ, ಮುಂದೆ ಸರ್ಕಾರದಲ್ಲಿ ಕೂತು ನೀತಿ ರೂಪಿಸುವ ಕೆಲಸಕ್ಕೆ ಸಿದ್ಧಪಡಿಸುವ ಬೇಸಿಗೆ ಶಿಬಿರ. ಮೊದಲ ದಿನದ ಪದ್ಧತಿಯೇ ಇದು. ಎಲ್ಲರೂ ಎದ್ದು ನಿಂತು ತಮ್ಮ ಕಥೆ ಹೇಳಬೇಕು. ಎಲ್ಲಿಂದ ಬಂದೆ, ಯಾಕೆ ಬಂದೆ, ಏನು ದಾಟಿ ಬಂದೆ.

ಯೆಸೆನಿಯಾ ಒಲಿವಾರೆಸ್ ಹೇಳಿದ್ದಳು. ನ್ಯೂ ಮೆಕ್ಸಿಕೋದ ಮರಳುಗಾಡಿನ ಅಂಚಿನ ಊರು. ಮೆಣಸಿನಕಾಯಿ ಕಾರ್ಖಾನೆಯಲ್ಲಿ ತೊಟ್ಟು ಬಿಡಿಸುವ ಅಮ್ಮ. ಅಮ್ಮನ ಬೆರಳುಗಳಲ್ಲಿ ಎಂದೂ ಆರದ ಉರಿ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ತಾನು.

ಎಲ್ಲವೂ ನಿಜ. ಆದರೆ ಎಷ್ಟು ಸಲ ಹೇಳಿದ್ದಳೆಂದರೆ, ಈಗ ಹೇಳುವಾಗ ಬಾಯಿ ಮಾತ್ರ ಆಡುತ್ತಿತ್ತು. ಮನಸ್ಸು ಎಲ್ಲೋ ಮೂಲೆಯಲ್ಲಿ ಮುದುಡಿ ಮಲಗಿರುತ್ತಿತ್ತು.

ಬಿಡುವಿನಲ್ಲಿ ಅವಳು ಅವನನ್ನು ಕಾಫಿ ಮೇಜಿನ ಬಳಿ ಅಡ್ಡಗಟ್ಟಿದಳು.

"ಏಯ್, ಆ ಮಾತು ನನಗೆ ತಾನೇ ಹೇಳಿದ್ದು?"

ಎತ್ತರದ ಕಪ್ಪು ಹುಡುಗ. ತೋಳು ಮಡಿಸಿದ ಬಿಳಿ ಅಂಗಿ. ಕಣ್ಣ ಕೆಳಗೆ ಅವಳಿಗಿದ್ದಂಥದೇ ಕರಿನೆರಳು. ಎದೆಯ ಮೇಲಿನ ಚೀಟಿಯಲ್ಲಿ ಹೆಸರು: ಲಿಯಾಂಡರ್ ಬತೀಸ್ತ್, ಲೂಯಿಸಿಯಾನ.

"ನಿನಗಲ್ಲ."

"ಮತ್ತೆ ಯಾರಿಗೆ? ಗೋಡೆಗಾ?"

"ಕಥೆ ಹೇಳಿ ಅಂತ ಕೇಳಿದರಲ್ಲ, ಅವರಿಗೆ." ಅವನು ಕಾಫಿಗೆ ಮೂರು ಚಮಚ ಸಕ್ಕರೆ ಸುರಿದುಕೊಂಡ. "ನೀನು ತುಂಬಾ ಚೆನ್ನಾಗಿ ಹೇಳಿದೆ. ಅದಕ್ಕೇ ನಂಗೆ ಸಂಕಟ ಆಯ್ತು. ಇದುವರೆಗೆ ಎಷ್ಟು ಸಲ ಹೇಳಿದ್ದೀಯ?"

"ಅದು ನಿನಗ್ಯಾಕೆ?"

"ಹತ್ತು ಸಲ? ಇಪ್ಪತ್ತು?"

ಅವಳು ತಿರುಗಿ ನಡೆದಳು. ಇಪ್ಪತ್ತನ್ನು ದಾಟಿ ಎಷ್ಟೋ ಕಾಲವಾಗಿತ್ತು. ಪ್ರತಿ ಅರ್ಜಿಗೊಮ್ಮೆ, ಪ್ರತಿ ಸಂದರ್ಶನಕ್ಕೊಮ್ಮೆ... ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ!

* * *

ವಿಧಿಯ ಕುಚೇಷ್ಟೆ ನೋಡಿ. ಮರುದಿನ ತಂಡಗಳ ಪಟ್ಟಿ ಅಂಟಿಸಿದಾಗ ಮೂವರ ಹೆಸರು ಒಟ್ಟಿಗಿತ್ತು. ಯೆಸೆನಿಯಾ ಮುಂದಾಳು. ಜೊತೆಗೆ ಅವಳ ಕೋಣೆಯ ಸಂಗಾತಿ, ವಿಸ್ಕಾನ್ಸಿನ್‌ಗೆ ವಲಸೆ ಬಂದ ಹ್ಮಾಂಗ್ ಜನಾಂಗದ ಹುಡುಗಿ ಪಾ ಕೂ. ಮೂರನೆಯವನು ಲಿಯಾಂಡರ್.

"ಅಯ್ಯೋ, ಅವನೇನಾ!" ಎಂದಳು ಯೆಸೆನಿಯಾ.

"ಅವನೇ. ನೋಡೋಕೆ ಚೆನ್ನಾಗಿದಾನೆ, ಸುಮ್ನಿರು," ಎಂದಳು ಪಾ ಕೂ.

ಅವರಿಗೆ ಸಿಕ್ಕ ವಿಷಯ ಬಡವರ ಸರ್ಕಾರಿ ಆರೋಗ್ಯ ಕಾರ್ಡು. ವರ್ಷಕ್ಕೊಮ್ಮೆ ನವೀಕರಣದ ಪತ್ರ ಬರುತ್ತದೆ. ತುಂಬಿ ಕಳಿಸದಿದ್ದರೆ ಕಾರ್ಡು ರದ್ದು. ಕಾಯಿಲೆ ವಾಸಿಯಾಗಿಲ್ಲ, ಬಡತನ ತೀರಿಲ್ಲ, ಕಾಗದವೊಂದು ವಾಪಸ್ ಬರಲಿಲ್ಲವೆಂಬ ಕಾರಣಕ್ಕೆ ರದ್ದು! ಇದನ್ನು ತಡೆಯುವುದು ಹೇಗೆಂದು ಕೊನೆಯ ಶುಕ್ರವಾರ ಆ ಜಿಲ್ಲೆಯ ಆರೋಗ್ಯ ಮಂಡಳಿಯ ಮುಂದೆ ನಿಂತು ಶಿಫಾರಸು ಮಾಡಬೇಕು.

ಯೆಸೆನಿಯಾ ವಿಷಯವನ್ನು ಎರಡೆರಡು ಸಲ ಓದಿ ಹಾಳೆಯನ್ನು ಮುಂದಕ್ಕೆ ತಳ್ಳಿದಳು. ಲಿಯಾಂಡರ್ ಕೂಡ ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದ. ಅವಳು ಅದನ್ನು ಗಮನಿಸಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಅರ್ಥಶಾಸ್ತ್ರ. ಆಮೇಲೆ ಅಂಕಿಅಂಶ. ಊಟದ ತಟ್ಟೆಯ ಪಕ್ಕದಲ್ಲೇ ಓದು. ಮಧ್ಯಾಹ್ನ ಡಾಕ್ಟರ್ ಆಸ್ಬರ್ಗ್ ಮೇಡಂ ಅವರ ಬರವಣಿಗೆಯ ತರಗತಿ. ಅರವತ್ತು ದಾಟಿದ, ಒಂದು ಕಾಲದಲ್ಲಿ ರಾಜಧಾನಿಯ ಕಚೇರಿಗಳನ್ನೆಲ್ಲ ನಡುಗಿಸಿದ್ದ ಹೆಂಗಸು. ಅವರ ಕೆಂಪು ಪೆನ್ನಿಗೆ ಸಿಕ್ಕ ಟಿಪ್ಪಣಿ ಗಾಯಗೊಂಡೇ ವಾಪಸು ಬರುತ್ತಿತ್ತು. "ಪುರಾವೆ ಎಲ್ಲಿ? ಇದನ್ನ ನೀವು ನೋಡಿದ್ದೀರೋ, ಅಂದ್ಕೊಂಡಿದ್ದೀರೋ?" ಎಂದು ಅಂಚಿನಲ್ಲಿ ಬರೆಯುತ್ತಿದ್ದರು. ಕೊನೆಕೊನೆಗೆ ಯೆಸೆನಿಯಾಳೇ ತನ್ನ ತಂಡದವರಿಗೆ ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳತೊಡಗಿದ್ದಳು.

ಮೂರನೆಯ ವಾರದ ಒಂದು ಮಧ್ಯಾಹ್ನ, ಗ್ರಂಥಾಲಯದ ಕಿಟಕಿ ಪಕ್ಕ, ತೆರೆದ ಪುಸ್ತಕದ ಮೇಲೆಯೇ ಅವಳು ನಿದ್ದೆ ಹೋದಳು. ಎಚ್ಚರವಾದಾಗ ಲಿಯಾಂಡರ್ ವಿಚಿತ್ರವಾದ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದ. ಮೇಜು ಒಂದು ಕಡೆ, ಅವನು ಇನ್ನೊಂದು ಕಡೆ. ಪುಸ್ತಕ ತೊಡೆಯ ಮೇಲೆ. ಬಿಸಿಲಿಗೆ ಬೆನ್ನು ಕೊಟ್ಟಿದ್ದ. ಅಂಗಿಯ ಬೆನ್ನೆಲ್ಲ ಬೆವರಿನಿಂದ ಒದ್ದೆ.

ಅವನ ನೆರಳು ಸರಿಯಾಗಿ ಅವಳ ಮುಖದ ಮೇಲಿತ್ತು.

"ಎಷ್ಟು ಹೊತ್ತಾಯ್ತು?" ಅವಳು ಗಾಬರಿಯಿಂದ ಎದ್ದಳು.

"ಒಂದು ಗಂಟೆ."

"ಎಬ್ಬಿಸಬಾರದಿತ್ತಾ?"

"ನಿದ್ದೆ ಮಾಡ್ತಿರೋರನ್ನ ಎಬ್ಬಿಸಿದ್ರೆ ನಮ್ಮಮ್ಮ ಬೈತಾರೆ."

"ನಿಮ್ಮಮ್ಮ ಇಲ್ಲೆಲ್ಲಿದಾರೆ?"

"ಅವರು ಎಲ್ಲಾ ಕಡೆ ಇರ್ತಾರೆ. ನಿಂಗೆ ಗೊತ್ತಿಲ್ಲ ಅವರ ವಿಷಯ." ಅವನು ನಕ್ಕ. ಮೊದಲ ಸಲ!

ಆ ನಗು ನೋಡಿ ಯೆಸೆನಿಯಾಳಿಗೆ ಎದೆ ಒಮ್ಮೆ ಸಣ್ಣಗೆ ಎಡವಿದಂತಾಯಿತು.

ಹಿಂದಿನ ಮೇಜಿನಿಂದ ಪಾ ಕೂ ಪಿಸುಗುಟ್ಟಿದಳು. "ಯೆಸ್ಸಿ, ನಾನೂ ಇಲ್ಲೇ ಇದ್ದೆ ಕಣೆ. ಬಿಸಿಲು ನನ್ನ ಮೇಲೂ ಬಿತ್ತು. ನನಗ್ಯಾರೂ ಅಡ್ಡ ಕೂರಲಿಲ್ಲ!"

* * *

ನಾಲ್ಕನೆಯ ಭಾನುವಾರ. ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಗುರುಗುಟ್ಟುತ್ತಿದ್ದವು. ಇಬ್ಬರೂ ಹಾಸಿಗೆಯ ಹೊದಿಕೆಯೊಂದನ್ನು ಎರಡು ತುದಿ ಹಿಡಿದು ಮಡಿಸುತ್ತಿದ್ದರು.

"ಅವತ್ತು ಮೊದಲ ದಿನ ನಾನು ಎಲ್ಲಾ ಹೇಳಲಿಲ್ಲ," ಎಂದಳು ಯೆಸೆನಿಯಾ ಇದ್ದಕ್ಕಿದ್ದಂತೆ.

"ಹೇಳಬೇಕಾಗಿಲ್ಲ."

"ನಿನಗೆ ಹೇಳಬೇಕು ಅನ್ನಿಸ್ತಿದೆ."

ಯಾಕೆ ಅವನಿಗೇ ಹೇಳಬೇಕೆನ್ನಿಸಿತೋ! ಬಹುಶಃ ಅವನು ಕೇಳದೆ ಇದ್ದುದಕ್ಕೇ ಇರಬೇಕು.

"ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಬಂದ ಪತ್ರಗಳನ್ನೆಲ್ಲ ನಾನು ರಜಕ್ಕೆ ಬಂದಾಗ ಓದಿ ಹೇಳ್ತೀನಿ ಅಂತ ಬಿಸ್ಕತ್ತಿನ ಡಬ್ಬಿಗೆ ಹಾಕಿ ಇಡ್ತಾರೆ. ಹೋದ ವರ್ಷ ಮನೆಗೆ ಹೋಗಿದ್ದೆ. ಡಬ್ಬಿ ಮುಂದೆ ಇಟ್ಟರು. ಪರೀಕ್ಷೆ ಇದೆ, ನಾಳೆ ಓದ್ತೀನಿ ಅಮ್ಮ ಅಂದೆ. ಮತ್ತೆ ನಾಳೆ ಅಂದೆ. ಹಾಗೇ ಕಾಲೇಜಿಗೆ ವಾಪಸ್ ಹೋದೆ, ಲಿಯಾಂಡರ್... ಅದರಲ್ಲಿ ನವೀಕರಣದ ಪತ್ರ ಇತ್ತು."

ಅವನ ಕೈ ನಿಂತಿತು.

"ಕಾರ್ಡು ರದ್ದಾಯ್ತು. ಅಮ್ಮ ನಂಗೆ ಹೇಳಲಿಲ್ಲ. ಓದೋ ಹುಡುಗಿಗೆ ಯಾಕೆ ತೊಂದರೆ ಅಂತ ಇನ್ಸುಲಿನ್ನನ್ನ ಅರ್ಧರ್ಧ ಮಾಡಿ ತಗೊಂಡರು. ಒಂದಿನ ಕಾರ್ಖಾನೆಯಲ್ಲೇ ಬಿದ್ದರು." ಅವಳು ಹೊದಿಕೆಯ ಅಂಚನ್ನು ಮತ್ತೆ ಮತ್ತೆ ಸರಿಮಾಡಿದಳು. "ಈಗ ಚೆನ್ನಾಗಿದಾರೆ. ಆದ್ರೆ ನಾನು... ಒಂದು ಲಕೋಟೆ ಒಡೆಯೋಕೆ ಎಷ್ಟು ಹೊತ್ತು ಬೇಕು ಹೇಳು? ಅಷ್ಟೂ ಮಾಡಲಿಲ್ಲ ನಾನು."

ಅವನು ಏನಾದರೂ ಹೇಳಲಿ ಎಂದು ಕಾದಳು. ಪರವಾಗಿಲ್ಲ ಅನ್ನಲಿ. ಅಥವಾ ಬೈಯಲಿ. ಏನಾದರೂ!

ಅವನ ಮುಖ ಕಲ್ಲಾಗಿತ್ತು.

"ನಂಗೆ... ನಾನು ಹೋಗಬೇಕು," ಎಂದವನೇ ಹೊದಿಕೆಯ ತುದಿಯನ್ನು ಕೈಬಿಟ್ಟ. ಯಂತ್ರದಲ್ಲಿ ತಿರುಗುತ್ತಿದ್ದ ತನ್ನ ಬಟ್ಟೆಗಳನ್ನೂ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಹೋಗಿಯೇಬಿಟ್ಟ.

ಯೆಸೆನಿಯಾ ಅರ್ಧ ಮಡಿಸಿದ ಹೊದಿಕೆ ಹಿಡಿದು ನಿಂತೇ ಇದ್ದಳು.

*ಅಸಹ್ಯಪಟ್ಟುಕೊಂಡ. ಇನ್ನೇನು? ತಾಯಿಯ ಪತ್ರ ಒಡೆದು ನೋಡದ ಮಗಳ ಮೇಲೆ ಯಾರಿಗೆ ತಾನೇ ಗೌರವ ಇರುತ್ತೆ...*

ಅಂದಿನಿಂದ ಅವರಿಬ್ಬರ ನಡುವೆ ಕೆಲಸದ ಮಾತಷ್ಟೇ ಉಳಿಯಿತು.

* * *

ಆರನೆಯ ವಾರ ಮೇಡಂ ಈ ತಂಡದ ವರದಿಯನ್ನು ಓದಿ ಮೇಜಿನ ಮೇಲಿಟ್ಟರು.

"ಲೆಕ್ಕ ಸರಿಯಾಗಿದೆ. ವಾದ ಸರಿಯಾಗಿದೆ. ಆದ್ರೆ ಇದರಲ್ಲಿ ಮನುಷ್ಯರೇ ಇಲ್ಲ. ಮಂಡಳಿಯವರಿಗೆ ಮೊದಲ ಪುಟದಲ್ಲೇ ಒಂದು ಮುಖ ಕಾಣಿಸಬೇಕು. ಒಬ್ಬರ ಕಥೆ ಹಾಕಿ. ಹೆಸರು, ಊರು ಬೇಡ. ಆದ್ರೆ ಆ ವ್ಯಕ್ತಿಯ ಸಹಿ ಇರೋ ಒಪ್ಪಿಗೆ ಪತ್ರ ಫೈಲಿನಲ್ಲಿ ಇರಲೇಬೇಕು. ಮುಂದಾಳು ಅದನ್ನ ನೋಡಿ ತನ್ನ ಸಹಿ ಹಾಕಬೇಕು. ಗೊತ್ತಾಯ್ತಾ?"

ಯೆಸೆನಿಯಾ ತಲೆ ತಗ್ಗಿಸಿದಳು. *ನನ್ನ ಕೈಲಾಗಲ್ಲ...*

"ನಾನು ಬರೀತೀನಿ," ಎಂದ ಲಿಯಾಂಡರ್.

ಪಾ ಕೂ ಕಣ್ಣರಳಿಸಿದಳು. "ನೀನಾ? ಕಥೆ ಅಂದ್ರೆ ಮೈಲಿ ದೂರ ಓಡೋನು!"

"ಬರೀತೀನಿ ಅಂದ್ನಲ್ಲ."

ಕೊನೆಯ ವಾರದ ಸೋಮವಾರ ಎಲ್ಲ ತಂಡಗಳ ಕರಡು ಇಡೀ ತರಗತಿಗೆ ಹಂಚಿಕೆಯಾಯಿತು. ಹಿಂದಿನ ದಿನವೆಲ್ಲ ಕೋಷ್ಟಕಗಳನ್ನು ತಿದ್ದುತ್ತಾ ಸೋತುಹೋಗಿದ್ದ ಯೆಸೆನಿಯಾ ಮೊದಲ ಪುಟವನ್ನು ಓದಿರಲೇ ಇಲ್ಲ. ಫೈಲನ್ನೂ ತೆರೆದಿರಲಿಲ್ಲ. ಈಗ ಎಲ್ಲರ ಜೊತೆಗೆ ತಾನೂ ಓದಿದಳು.

*"ಆಕೆಗೆ ಐವತ್ತೊಂದು ವರ್ಷ. ಸಕ್ಕರೆ ಕಾಯಿಲೆ. ಬಂದ ಪತ್ರಗಳನ್ನು ಸ್ವತಃ ಓದಲಾರದೆ, ಕಾಲೇಜಿಗೆ ಹೋಗುವ ತನ್ನ ಮಗು ಬಂದು ಓದಲಿ ಎಂದು ಎತ್ತಿಡುತ್ತಿದ್ದರು. ಮಗು ಬಂತು. ಲಕೋಟೆಗಳನ್ನು ನೋಡಿತು. ಒಡೆಯಲಿಲ್ಲ..."*

ಮುಂದಿನ ಅಕ್ಷರಗಳು ಕಲಸಿಹೋದವು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು.

"ಮಾರಾಟಕ್ಕೆ ಇಟ್ಟಿಲ್ಲ ಅಂದೆಯಲ್ಲ!" ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಹೌದು ಬಿಡು, ನಿನ್ನ ಮನೇದು ಇಡಲಿಲ್ಲ. ನಮ್ಮನೇದು ಇಟ್ಟೆ! ನಂಬಿ ಹೇಳಿದ್ದೆ ನಿನಗೆ... ನಿನ್ನೊಬ್ಬನಿಗೇ ಹೇಳಿದ್ದೆ!"

ಲಿಯಾಂಡರ್ ನಿಧಾನವಾಗಿ ತಲೆ ಎತ್ತಿದ. ಅವನ ಕಣ್ಣಲ್ಲಿ ಅದುವರೆಗೆ ಏನೋ ನಿರೀಕ್ಷೆ ಇತ್ತು. ಅದು ಆರಿಹೋದುದನ್ನು ಪಾ ಕೂ ಕಂಡಳು. ಯೆಸೆನಿಯಾ ಕಾಣಲಿಲ್ಲ.

"ಹಾಗಂದುಕೊಂಡೆಯಾ?" ಅಷ್ಟೇ ಕೇಳಿದ ಅವನು. ಕಾಗದಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಹೊರನಡೆದ.

* * *

ಬುಧವಾರದ ಹೊತ್ತಿಗೆ ಸುದ್ದಿ ಹಬ್ಬಿತ್ತು. ಲಿಯಾಂಡರ್ ಶಿಬಿರ ಬಿಟ್ಟು ಹೋಗುತ್ತಿದ್ದಾನೆ! ಶುಕ್ರವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ. ಮಂಡಳಿಯ ಮುಂದೆ ನಿಲ್ಲದವರಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಮುಂದಿನ ಓದಿಗೆ ಈ ಏಳು ವಾರ ಲೆಕ್ಕಕ್ಕೇ ಇಲ್ಲ.

"ಹೋಗ್ಲಿ ಬಿಡು," ಎಂದಳು ಯೆಸೆನಿಯಾ. ಹಾಗೆಂದು ಗೋಡೆಗೆ ಮುಖ ತಿರುಗಿಸಿ ಮಲಗಿದಳು.

"ಯೆಸ್ಸಿ," ಪಾ ಕೂ ಅವಳ ಮಂಚದ ಅಂಚಿನಲ್ಲಿ ಕೂತಳು. "ನಾನೊಂದು ಕೇಳ್ಲಾ? ಕದ್ದೋನು ಸಿಕ್ಕಿಬಿದ್ರೆ ಹೆದರ್ತಾನೆ. ಇವನು ಹೆದರಲಿಲ್ಲ ಕಣೆ. ನೊಂದ."

"ನಿದ್ದೆ ಬರ್ತಿದೆ."

ನಿದ್ದೆ ಎಲ್ಲಿ ಬಂತು? ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಅವನು ಬೇಕಾಗಿದ್ದ. ಇದಕ್ಕಿಂತ ಸುಸ್ತಿನ ಸಂಗತಿ ಬೇರೆ ಯಾವುದಿದೆ?

ಗುರುವಾರ ಮಧ್ಯಾಹ್ನ ಮೇಡಂ ಅವಳನ್ನು ಕರೆಸಿದರು.

"ಆ ಕಥೆ ತೆಗೀಬೇಕಾದ್ರೆ ತೆಗಿ. ಅದು ನಿನ್ನ ಹಕ್ಕು. ಆದ್ರೆ ಒಪ್ಪಿಗೆ ಪತ್ರ ಹಿಂತೆಗೆದುಕೊಳ್ಳೋಕೆ ಮುಂದಾಳಿನ ಸಹಿ ಬೇಕು. ತಗೋ ಫೈಲು." ಕನ್ನಡಕದ ಮೇಲಿಂದ ನೋಡಿದರು. "ಸೋಮವಾರದ ಮೊದಲೇ ಇದನ್ನ ನೋಡಿರಬೇಕಿತ್ತು ನೀನು. ನೋಡಿದ್ಯಾ?"

"...ಇಲ್ಲ ಮೇಡಂ."

ಅವರು ಕಿಟಕಿಯ ಕಡೆ ತಿರುಗಿದರು.

ಯೆಸೆನಿಯಾ ಫೈಲು ಬಿಡಿಸಿದಳು. ಒಳಗೊಂದು ಹಾಳೆ. ಮೇಲ್ಗಡೆ ಅಚ್ಚಾದ ಸಾಲುಗಳು. ಕೆಳಗೆ, ಗೆರೆ ತಪ್ಪಿ ಮೇಲೂ ಕೆಳಗೂ ಏರಿಳಿದ, ಹೆಬ್ಬೆರಳಷ್ಟು ದೊಡ್ಡ ಅಕ್ಷರಗಳು. ಕಣ್ಣು ಕಾಣದವರು ತಡವರಿಸಿಕೊಂಡು ಬರೆದಂಥ ಅಕ್ಷರಗಳು.

*ಕಥೆ ಯಾರದು: ಅರ್ಲೀನ್ ಬತೀಸ್ತ್.*

*ಬರೆಯುವವರಿಗೆ ಏನಾಗಬೇಕು: ತಾಯಿ.*

*ಯಾಕೆ ಒಪ್ಪಿದಿರಿ: ನನ್ನ ಮಗ ಇದನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಲಿ ಅಂತ.*

ಬತೀಸ್ತ್! ಬತೀಸ್ತ್...

ಯೆಸೆನಿಯಾ ಆ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು.

*ಅವನ ಅಮ್ಮ. ಅವನ ಮನೆ. ಅವನ ಲಕೋಟೆ. ಆ ಭಾನುವಾರ ಅವನು ಓಡಿಹೋಗಿದ್ದು ಅಸಹ್ಯದಿಂದ ಅಲ್ಲ... ದೇವರೇ! ನಾನೇನು ಮಾಡಿಬಿಟ್ಟೆ?*

ಪುರಾವೆ ಎಲ್ಲಿ, ಪುರಾವೆ ಎಲ್ಲಿ ಎಂದು ಏಳು ವಾರ ಎಲ್ಲರ ಪ್ರಾಣ ತಿಂದವಳು, ಕೈಯಳತೆಯಲ್ಲಿದ್ದ ಒಂದು ಹಾಳೆಯನ್ನು ತಿರುಗಿಸಿ ನೋಡದೆ, ಮೂವತ್ತು ಜನರ ಮುಂದೆ ಅವನನ್ನು ಕಳ್ಳನೆಂದಿದ್ದಳು. ಆಗಲೂ ಒಂದು ಕಾಗದವನ್ನು ತೆರೆಯಲಿಲ್ಲ. ಈಗಲೂ ತೆರೆಯಲಿಲ್ಲ.

* * *

ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಸಂಜೆಯ ಬಿಸಿಲು ತುಂಬಿತ್ತು. ಲಿಯಾಂಡರ್ ಒಲೆಯ ಮುಂದೆ ನಿಂತು ದೊಡ್ಡ ಪಾತ್ರೆಯಲ್ಲಿ ಕೆಂಪು ಬೀನ್ಸ್ ಕಾಳು ಕದಡುತ್ತಿದ್ದ. ಹೋಗುವ ಮುಂಚೆ ಒಂದು ಸಲ ನಿಮ್ಮೂರ ಅಡುಗೆ ತಿನ್ನಿಸು ಎಂದು ಪಾ ಕೂ ಪೀಡಿಸಿದ್ದಳಂತೆ.

ಯೆಸೆನಿಯಾ ಬಾಗಿಲಲ್ಲಿ ನಿಂತಳು.

"ಪಾ ಕೂಗೆ ಹೇಳು, ಇನ್ನೂ ಒಂದು ಗಂಟೆ ಆಗುತ್ತೆ," ಎಂದ ಅವನು ತಿರುಗದೆ.

"ನಾನು ಫೈಲು ನೋಡಿದೆ."

ಸೌಟು ನಿಂತಿತು.

"ಕ್ಷಮಿಸು ಅಂತ ಕೇಳೋಕೆ ಮುಖ ಇಲ್ಲ ನನಗೆ, ಲಿಯಾಂಡರ್. ಆದ್ರೂ ಕೇಳ್ತಿದೀನಿ. ಯಾಕೆ ಹೇಳಲಿಲ್ಲ ನೀನು? ಅವತ್ತು ಅಲ್ಲೇ, ಎಲ್ಲರ ಮುಂದೆ, ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ!"

"ಏನಂತ ಹೇಳ್ಬೇಕಿತ್ತು? 'ಅಲ್ಲಾ, ಇದು ನಿಮ್ಮಮ್ಮನ ಕಥೆ ಅಲ್ಲ, ನಮ್ಮಮ್ಮಂದು' ಅಂತ ಕೂಗಿ ಗೆಲ್ಲಬೇಕಿತ್ತಾ?" ಅವನು ಬೆಂಕಿ ಸಣ್ಣಗೆ ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. "ಮಮ್ಮಾಗೆ ಓದೋಕೆ ಬರುತ್ತೆ. ಸಕ್ಕರೆ ಕಾಯಿಲೆ ಕಣ್ಣನ್ನ ತಿಂದುಬಿಟ್ಟಿದೆ. ಲಕೋಟೆ ನನ್ನ ಕೈಗೇ ಕೊಟ್ಟರು. ಜೇಬಲ್ಲಿ ಇಟ್ಕೊಂಡು ಗೆಳೆಯರ ಜೊತೆ ಮೀನು ಹಿಡಿಯೋಕೆ ಹೋದೆ. ಕಾರ್ಡು ರದ್ದಾಯ್ತು, ಮಮ್ಮಾ ಆಸ್ಪತ್ರೆ ಸೇರಿದರು. ನಿನಗಾದ್ರೂ ಪರೀಕ್ಷೆ ಇತ್ತು, ಯೆಸೆನಿಯಾ. ನನಗೆ ಮೀನು!"

ಅವಳು ಎರಡು ಹೆಜ್ಜೆ ಒಳಗೆ ಬಂದಳು.

"ಆ ಭಾನುವಾರ ನೀನು ಹೇಳ್ತಾ ಇದ್ದರೆ, ನಂಗೆ ಮೊದಲು ಏನನ್ನಿಸ್ತು ಗೊತ್ತಾ? ನನ್ನ ಕಥೇನ ಇವಳು ಎಲ್ಲಿ ಕದ್ದಳು ಅಂತ!"

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಅವನಿಗೂ ತುಟಿ ಅಲುಗಿತು.

"ಅದಕ್ಕೇ ಓಡಿಹೋದೆ. ಹೋಗಿ ಮಮ್ಮಾಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. 'ಆ ಹುಡುಗಿಗೆ ನಿಂದೂ ಹೇಳು' ಅಂದರು. ಬಾಯಲ್ಲಿ ಬರಲಿಲ್ಲ. ಬರೆದರೆ ನೀನು ಓದ್ತೀಯ, ಫೈಲು ನೋಡ್ತೀಯ, ಗೊತ್ತಾಗುತ್ತೆ, ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡ್ತೀಯ ಅಂದ್ಕೊಂಡೆ." ಅವನು ಉಸಿರೆಳೆದುಕೊಂಡ. "ನೋಡಿದೆ ನೀನು. ಆದ್ರೆ ಬೇರೆ ಥರ."

ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಸೌಟು ಕೈಯಲ್ಲಿದ್ದುದರಿಂದ ಹಾಗೆಯೇ ಸ್ಪೀಕರಿಗೆ ಹಾಕಿದ.

"ಮಮ್ಮಾ, ಕಾಳು ಬೇಯ್ತಾ ಇದೆ, ಆಮೇಲೆ..."

"ಉಪ್ಪು ಈಗಲೇ ಹಾಕಬೇಡ. ಹಿಂದೆ ಯಾರೋ ಮೂಗು ಸೊರಗುಟ್ಟಿಸ್ತಿದಾರಲ್ಲ, ಯಾರದು?"

ಲಿಯಾಂಡರ್ ಯೆಸೆನಿಯಾಳ ಕಡೆ ನೋಡಿದ. "ಅವಳೇ ಮಮ್ಮಾ."

"ಪತ್ರ ಒಡೆಯದೆ ಇದ್ದ ಇನ್ನೊಬ್ಬಳಾ? ಕೊಡು ಇಲ್ಲಿ. ಚಿನ್ನಾ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ, ಅಮ್ಮಾ. ನಾನು ನಿಮ್ಮ ಮಗನಿಗೆ ತುಂಬಾ ಕೆಟ್ಟ ಮಾತು..."

"ಅದೆಲ್ಲ ನೀವಿಬ್ಬರೇ ನೋಡ್ಕೊಳ್ಳಿ. ನಾನು ಹೇಳೋದು ಬೇರೆ. ನನಗೆ ಅವನ ಮೇಲೆ ಸಿಟ್ಟಿದ್ದದ್ದು ಒಂದೇ ದಿನ. ಆಸ್ಪತ್ರೆಯಲ್ಲಿ ಗಂಜಿ ಚೆನ್ನಾಗಿರಲಿಲ್ಲ, ಅದಕ್ಕೆ. ಆಮೇಲೆ ಮರೆತೆ. ಇವನೇ ಒಂದು ವರ್ಷದಿಂದ ಹೊತ್ಕೊಂಡು ತಿರುಗ್ತಿದಾನೆ. ನಿಮ್ಮಮ್ಮನೂ ಎಂದೋ ಮರೆತಿರ್ತಾರೆ, ಚಿನ್ನಾ. ಇಳಿಸಿಬಿಡು. ಮಕ್ಕಳಿಗೆ ಅಷ್ಟು ಭಾರ ಆಗಲ್ಲ."

ಯೆಸೆನಿಯಾ ತನ್ನ ಅಂಗಿಯ ತೋಳಿಗೇ ಕಣ್ಣೊತ್ತಿಕೊಂಡಳು. ಫೋನು ನಿಂತ ಮೇಲೆ ಅವನು ಮತ್ತೆ ಸೌಟು ಆಡಿಸತೊಡಗಿದ.

"ನಾಳೆ ನಿನ್ನ ಬಸ್ಸು ಒಂಬತ್ತಕ್ಕೆ," ಎಂದಳು ಕೊನೆಗೆ.

"ಹೂಂ."

"ನಮ್ಮ ಸರದಿ ಹತ್ತಕ್ಕೆ. ಆ ಕಥೆ ತೆಗೆಯಲ್ಲ ನಾನು. ಅದರ ಕೆಳಗೆ ಸಹಿ ಹಾಕಿ ಬಂದಿದೀನಿ. ಆದ್ರೆ ಅದನ್ನ ನಾನು ಹೇಳಲಾರೆ. ಅದು ನಿನ್ನದು."

"ನೀನೇ ಚೆನ್ನಾಗಿ ಹೇಳ್ತೀಯ."

"ಚೆನ್ನಾಗಿ ಹೇಳಿ ಹೇಳಿ ಸಾಕಾಗಿದೆ, ಲಿಯಾಂಡರ್. ನೀನು ಕೆಟ್ಟದಾಗಿಯೇ ಹೇಳು. ಆದ್ರೆ ಹೋಗಬೇಡ... ಮಂಡಳಿಗೋಸ್ಕರ ಅಲ್ಲ. ಪ್ರಮಾಣಪತ್ರಕ್ಕೂ ಅಲ್ಲ."

ಅವನು ಕಾಳನ್ನೇ ಕದಡುತ್ತಾ ನಿಂತ.

* * *

ಶುಕ್ರವಾರ ಒಂಬತ್ತು ಐವತ್ತು. ಜಿಲ್ಲಾ ಕಟ್ಟಡದ ಎರಡನೆಯ ಮಹಡಿ. ಪಾ ಕೂ ಮೂರನೆಯ ಸಲ ಬಾಗಿಲಾಚೆ ಇಣುಕಿ ಬಂದಳು. ತಲೆ ಅಲ್ಲಾಡಿಸಿದಳು.

ಯೆಸೆನಿಯಾ ಮೂರನೆಯ ಕುರ್ಚಿಯ ಮೇಲಿಟ್ಟಿದ್ದ ವರದಿಯನ್ನು ತೆಗೆಯಲಿಲ್ಲ. *ಬಸ್ಸು ಇಷ್ಟು ಹೊತ್ತಿಗೆ ಊರು ದಾಟಿರುತ್ತೆ...*

"ಮುಂದಿನ ತಂಡ," ಎಂದು ಕರೆ ಬಂತು.

ಅವಳು ಎದ್ದು ನಿಂತಾಗ ಹಿಂದಿನ ಬಾಗಿಲು ತೆರೆಯಿತು. ಬಿಳಿ ಅಂಗಿ. ಓರೆಯಾಗಿ ಕಟ್ಟಿದ ಟೈ. ಕೈಯಲ್ಲಿ ಇನ್ನೂ ಆ ಪ್ರಯಾಣದ ಚೀಲ!

"ನಿಲ್ದಾಣದ ತನಕ ಹೋದೆ," ಎಂದ ಅವನು ಪಕ್ಕ ಬಂದು ನಿಂತು, ಅವಳಿಗಷ್ಟೇ ಕೇಳುವಂತೆ. "ಹತ್ತೋಕಾಗಲಿಲ್ಲ."

ಅವನು ಹೇಳಿದ. ಚೆನ್ನಾಗಿ ಹೇಳಲಿಲ್ಲ. ತಡವರಿಸಿದ, ಎರಡು ಕಡೆ ನಿಂತೇಹೋದ. "ಆ ಮಗು ನಾನು," ಎಂದು ಮುಗಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಂಡಳಿಯ ನಡುವೆ ಕೂತಿದ್ದ ಬೆಳ್ಳಿಗೂದಲಿನ ಹೆಂಗಸೊಬ್ಬರು ಪೆನ್ನು ಕೆಳಗಿಟ್ಟರು. "ನಿನ್ನ ನೋವು ಅರ್ಥ ಆಗುತ್ತಪ್ಪ. ಆದ್ರೆ ಇದು ಒಂದು ಮನೆಯ ವಿಷಯ. ಒಬ್ಬ ಹುಡುಗ ಒಂದು ಪತ್ರ ಮರೆತ. ಅದಕ್ಕೆ ನಾವು ಇಡೀ ನಿಯಮ ಬದಲಾಯಿಸ್ಬೇಕಾ?"

ಲಿಯಾಂಡರ್ ವರದಿಯ ಪುಟ ಮಗುಚಿ ಅಂಕಿ ಹುಡುಕತೊಡಗಿದ.

ಅಮ್ಮನ ಕಥೆ ಹೇಳಬೇಕಾದರೆ ಅಮ್ಮನ ಸಹಿ ಬೇಕು. ತನ್ನ ತಪ್ಪು ಹೇಳಿಕೊಳ್ಳಲು ತನ್ನದೇ ಸಾಕು. ಯೆಸೆನಿಯಾ ಕಾಗದ ನೋಡದೆ, ಸಜ್ಜುಗೊಳಿಸದೆ, ಮೊದಲ ಸಲ ಬಾಯಿಬಿಟ್ಟಳು.

"ಒಂದು ಮನೆ ಅಲ್ಲ, ಮೇಡಂ. ನಾನೂ ಒಡೆಯಲಿಲ್ಲ. ಇವನೂರಿಂದ ನಮ್ಮೂರಿಗೆ ಸಾವಿರ ಮೈಲಿ. ಇಬ್ಬರೂ ಅದೇ ಪತ್ರಾನ, ಅದೇ ವರ್ಷ, ಹಾಗೇ ಇಟ್ಟುಬಿಟ್ಟೆವು. ಈ ಕೋಣೆಯಲ್ಲಿ ಮಾತಾಡೋಕೆ ನಿಂತಿರೋ ಮೂವರಲ್ಲಿ ಇಬ್ಬರು! ಮರೆಯೋ ಮಕ್ಕಳು ಇದ್ದೇ ಇರ್ತಾರೆ, ಮೇಡಂ. ಒಂದು ಪತ್ರ ಕಳಿಸಿ ಕೈತೊಳಕೊಳ್ಳೋ ಬದಲು, ಇನ್ನೊಂದು ಸಲ ಬಾಗಿಲು ತಟ್ಟಿ ಕೇಳಿ. ನಮ್ಮ ಶಿಫಾರಸು ಅಷ್ಟೇ."

ಆ ಹೆಂಗಸು ಪೆನ್ನು ಎತ್ತಿಕೊಂಡು ಏನೋ ಬರೆದುಕೊಂಡರು.

ಮಂಡಳಿ ಏನು ಮಾಡುತ್ತದೋ ಅದಕ್ಕೆ ತಿಂಗಳುಗಳು ಬೇಕು. ಸರ್ಕಾರದ ಕೆಲಸವೇ ಹಾಗೆ.

ಹೊರಗೆ ಮೆಟ್ಟಿಲುಗಳ ಮೇಲೆ ಇಬ್ಬರೂ ಕುಸಿದು ಕೂತರು. ಪಾ ಕೂ ಅವರಿಬ್ಬರನ್ನೂ ಒಮ್ಮೆ ನೋಡಿ, "ನಾನು ನೀರು ತರ್ತೀನಿ. ತುಂಬಾ ದೂರದಿಂದ ತರ್ತೀನಿ," ಎಂದು ಮಾಯವಾದಳು.

ಏಳು ವಾರದ ದಣಿವೆಲ್ಲ ಒಟ್ಟಿಗೆ ಬಂದು ಕಾಲಿನಲ್ಲಿ ಇಳಿದಿತ್ತು. ಆದರೆ ಅದು ಮೊದಲಿನಂಥ ದಣಿವಲ್ಲ. ಹೊರೆ ಇಳಿಸಿದ ಮೇಲೆ ಹೆಗಲಿಗೆ ಬರುತ್ತದಲ್ಲ, ಅಂಥದ್ದು.

"ನಾಳೆ ನೀನು ದಕ್ಷಿಣಕ್ಕೆ, ನಾನು ಪಶ್ಚಿಮಕ್ಕೆ," ಎಂದಳು ಅವಳು.

"ಹೂಂ." ಅವನ ಕೈ ಮೆಟ್ಟಿಲಿನ ಮೇಲೆ ಅವಳ ಕೈ ಪಕ್ಕಕ್ಕೆ ಬಂದು ನಿಂತಿತು. "ಯೆಸೆನಿಯಾ, ನಿನ್ನೆ ಹೇಳಿದೆಯಲ್ಲ, ಮಂಡಳಿಗೋಸ್ಕರ ಅಲ್ಲ, ಪ್ರಮಾಣಪತ್ರಕ್ಕೂ ಅಲ್ಲ ಅಂತ. ಮತ್ತೆ ಯಾತಕ್ಕೆ?"

"ಗೊತ್ತಿದ್ದೂ ಕೇಳ್ತೀಯಾ?"

"ಅಂದ್ಕೊಂಡಿದೀನಿ. ಗೊತ್ತಿಲ್ಲ."

ಅವಳು ಅವನ ಬೆರಳುಗಳೊಳಗೆ ತನ್ನ ಬೆರಳು ಸೇರಿಸಿದಳು. "ನೀನಂದ್ರೆ ನನಗೆ ಇಷ್ಟ, ಲಿಯಾಂಡರ್. ತುಂಬಾ ಇಷ್ಟ. ಸಾಕಾ?"

ಅವನು ಕಣ್ಣು ಮುಚ್ಚಿ, ಬಿಗಿಹಿಡಿದಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟ.

"ನನಗೆ ನಿನ್ನ ಮೇಲೆ ಆ ಕಾಫಿ ಮೇಜಿನ ಹತ್ರಾನೇ..." ಅವನು ನಗುತ್ತಾ ತಲೆ ಕೆಳಗೆ ಹಾಕಿದ. "ಈಗೇನು ಮಾಡೋಣ?"

"ಅಮ್ಮನಿಗೆ ಫೋನ್ ಮಾ‌ಡ್ತೀನಿ. ಆ ಡಬ್ಬಿಯ ವಿಷಯ ಮಾತಾಡಬೇಕು. ಆಮೇಲೆ, ಒಬ್ಬ ಹುಡುಗ ಇದಾನೆ ಅಂತ ಹೇಳ್ತೀನಿ."

"ಅಯ್ಯೋ! ಏನಂತಾರೆ ಅವರು?"

"'ಊಟ ಮಾಡಿದಾನಾ, ಮಿಹಾ, ಮಗಳೇ?' ಅಂತ ಕೇಳ್ತಾರೆ. ಮೊದಲು ಅದೇ ಕೇಳೋದು."

ಅವನು ಅವಳ ಹೆಗಲಿಗೆ ತಲೆ ಒರಗಿಸಿದ. "ಮಾಡಿಲ್ಲ ಅಂತ ಹೇಳು."